ನಡು ಅಂಕಣದ ತೊಲೆ

ನಿನ್ನೆ ನನ್ನ ಮೊಮ್ಮಗಳು ನಮ್ಮ ಖಾನಾವಳಿಯ ಒಲೆ ಹಚ್ಚಿದಳು! ಮುಚ್ಚಿದ್ದ ಬಾಗಿಲು ತೆರೆಯಿತು, ಜನ ಬಂದು ಕೂತರು, ಉಂಡರು, ಸಾಕು ಸಾಕು ಎನ್ನುತ್ತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಮೊದಲನೆಯ ರೊಟ್ಟಿ ಬಡಿದವಳು ಅವಳೇ. ಅದು ಹಂಚಿನ ಮೇಲೆ ಉಬ್ಬಿ ನಿಂತಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೀದಿಗೆ ಹೋಗಿ ಹೋಗುವವರಿಗೆ ಬರುವವರಿಗೆ ಹೇಳಿದೆ. ಹೂವಿನ ಬುಟ್ಟಿಯವಳಿಗೆ ಹೇಳಿದೆ, ಎದುರುಮನೆಯ ಸೊಸೆಗೆ ಹೇಳಿದೆ, ಬಸ್ಸಿಗೆ ಓಡುತ್ತಿದ್ದ ಮಾಸ್ತರರೊಬ್ಬರ ತೋಳು ಹಿಡಿದು ನಿಲ್ಲಿಸಿ ಹೇಳಿದೆ. “ಆತಬೇ ಯಮ್ಮಾ, ಊಟಕ್ಕ ಬರ್ತೀನಿ, ಈಗ ಕೈ ಬಿಡು, ಬಸ್ ಹೊಕ್ಕೈತಿ” ಎಂದು ಅವರು ಬಿಡಿಸಿಕೊಂಡು ಓಡಿದರು. ಮಧ್ಯಾಹ್ನ ಊಟಕ್ಕೆ ಬಂದರು ಕೂಡ.

ನಾನು ಓದಿದ್ದು ಮೂರನೇ ಕ್ಲಾಸು. ಚೀಟಿ ಬರೆಯುವಷ್ಟು ಬರುತ್ತದೆ, ಇಷ್ಟುದ್ದ ಎಂದೂ ಬರೆದಿಲ್ಲ. ಆದರೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅದರ ಜೊತೆಗೆ ಇನ್ನೊಂದು ಕೂಡ ನಿಲ್ಲುತ್ತಿಲ್ಲ. ನಿನ್ನೆ ತೆರೆದದ್ದು ನಮ್ಮ ಖಾನಾವಳಿಯೇ, ಸುಳ್ಳಲ್ಲ. ಆದರೆ ಮುಚ್ಚುವಾಗ ಇದ್ದ ಖಾನಾವಳಿ ಅದಲ್ಲ. ಅದರ ನಡುವೇ ಹೋಗಿದೆ. ಅದು ಹೇಗೆ ಹೋಯಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ನಮ್ಮದು ಹರಪನಹಳ್ಳಿ ಕೋಟೆ ಕಡೆಯ ಮಾಳಿಗೆ ಕಟ್ಟಡ. ಮಾಳಿಗೆ ಎಂದರೆ ಕಲ್ಲಿನ ಗೋಡೆ, ಮರದ ತೊಲೆ ಜಂತೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿ. ಪಾಳೇಗಾರರ ಕಾಲದಲ್ಲಿ ಇದು ಕುದುರೆ ಲಾಯವಾಗಿತ್ತಂತೆ. ಗೋಡೆಯ ಕಲ್ಲಿನಲ್ಲೇ ಕಡೆದ ಬಳೆಗಳಿವೆ, ಕುದುರೆಯ ಹಗ್ಗ ಕಟ್ಟುತ್ತಿದ್ದದ್ದು. ಈಗ ಗಿರಾಕಿಗಳು ಅದಕ್ಕೆ ಚೀಲ ನೇತುಹಾಕುತ್ತಾರೆ. ಲಾಯ ಹಾಳುಬಿದ್ದಿದ್ದಾಗ ನನ್ನ ಮಾವನವರು ಅದನ್ನು ಕೊಂಡರು, ನನ್ನ ಅತ್ತೆ ಅಲ್ಲಿ ಒಲೆ ಹೂಡಿದರು. ಬೋರ್ಡಿನ ಮೇಲೆ ದೇವರ ಹೆಸರಿದೆ, ಆದರೆ ಊರಿಗೆಲ್ಲ ಅದು ಲಾಯದ ಖಾನಾವಳಿ. ಸಂತೆಯ ದಿನ ಹೊರಗಿನಿಂದಲೇ ಕೇಳಿಸುತ್ತದೆ: “ಲಾಯಕ್ಕ ಹೋಗೂನು ಬಾರಲೇ, ಹುರುಳಿ ತಿನ್ನೂನು.”

ಒಳಗೆ ಮೂರು ಅಂಕಣ. ಎರಡು ಸಾಲು ಕಂಬಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತೇವೆ. ಮುಂದಿನದು ಕೈ ತೊಳೆಯಲು, ಕಾಯಲು. ಹಿಂದಿನದು ಜೋಳ, ಬೇಳೆ, ಕಟ್ಟಿಗೆಗೆ. ಎಲ್ಲಕ್ಕಿಂತ ಅಗಲವಾದದ್ದು ನಡು ಅಂಕಣ. ಕುದುರೆ ತಿರುಗಿಸಲು ಜಾಗ ಬೇಕಲ್ಲ, ಹಾಗಾಗಿ ಅಲ್ಲಿ ಕಂಬವಿಲ್ಲ, ಈ ಗೋಡೆಯಿಂದ ಆ ಗೋಡೆಗೆ ಒಂದೇ ತೇಗದ ತೊಲೆ. ಅದರ ಆಚೆ ಬದಿಗೆ ಅತ್ತೆಯ ಒಲೆ, ಒಲೆಯ ಮೇಲೆ ಹೊಗೆ ಹೋಗಲು ಬೆಳಕಿಂಡಿ. ಈಚೆ ಬದಿಗೆ ಊಟದ ಸಾಲು. ಹಂಚಿನಿಂದ ತೆಗೆದ ರೊಟ್ಟಿ ಎರಡು ಹೆಜ್ಜೆಯಲ್ಲಿ ತಟ್ಟೆಗೆ ಬೀಳುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಕೇಳುತ್ತ ಉಣ್ಣುವುದಕ್ಕೇ ಹಡಗಲಿಯಿಂದ, ಕೊಟ್ಟೂರಿನಿಂದ ಜನ ಬರುತ್ತಿದ್ದರು.

ಈಚೆಯಿಂದ ಆಚೆಗೆ ಹೋಗುವಾಗ ಆ ತೊಲೆಯ ಕೆಳಗೆ ತಲೆ ಬಗ್ಗಿಸಬೇಕು. ನಾನು ಸೊಸೆಯಾಗಿ ಬಂದಾಗ ಎತ್ತರದ ಆಳುಗಳು ಮಾತ್ರ ಬಗ್ಗುತ್ತಿದ್ದರು. ಆಮೇಲೆ ಎಲ್ಲರೂ ಬಗ್ಗತೊಡಗಿದರು. ನಮ್ಮ ಮನೆಯವರು ಗಿರಾಕಿಗಳಿಗೆ ಹೇಳುತ್ತಿದ್ದರು, “ಈಗಿನ ಮಂದಿ ಭಾಳ ಎತ್ತರ ಬೆಳಿಯಾಕತ್ತಾರ ನೋಡ್ರಿ. ನಮ್ಮ ಜೋಳದ ರೊಟ್ಟಿ ಮಹಿಮಿ ಅದು.” ಗಿರಾಕಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೊನೆಕೊನೆಗೆ ನಾನೇ ಬಗ್ಗುತ್ತಿದ್ದೆ. ಈ ವಯಸ್ಸಿನಲ್ಲಿ ನಾನೆಲ್ಲಿ ಬೆಳೆಯುತ್ತೇನೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಮಾಳಿಗೆಯ ಮಣ್ಣಿನ ವಿಷಯ ಹೇಳಲೇಬೇಕು. ಮುಂಗಾರಿಗೆ ಮುಂಚೆ ನಮ್ಮ ಕಡೆ ಮಾಳಿಗೆಗೆ ಕರಲು ಹಾಕುತ್ತಾರೆ. ಕರಲು ಎಂದರೆ ಹಳ್ಳದ ದಂಡೆಯಲ್ಲಿ ಸಿಗುವ ಉಪ್ಪುಪ್ಪಾದ ಬಿಳಿ ಮಣ್ಣು. ಅದನ್ನು ತಂದು, ಒಣಗಿಸಿ, ಹೆಂಟೆ ಒಡೆದು, ತೆಳ್ಳಗೆ ಹರಡಿ, ನೀರು ಚಿಮುಕಿಸಿ ಬಡಿಯಬೇಕು. ಮಳೆ ಬಿದ್ದರೆ ಅದು ಮೆತ್ತಗಾಗಿ ಬಿರುಕಿಗೆಲ್ಲ ತಾನೇ ಇಳಿದು ಮುಚ್ಚಿಕೊಳ್ಳುತ್ತದೆ, ಒಂದು ಹನಿ ಒಳಗೆ ಬರುವುದಿಲ್ಲ. ಬೇರೆ ಮನೆಗಳಲ್ಲಿ ಹಳೆಯದನ್ನು ಸಲಿಕೆಯಿಂದ ಕೆರೆದು ತೆಗೆದು ಹೊಸದು ಹಾಕುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹಿರಿಯರು ಹಾಕಿದ ಮಣ್ಣಿಗೆ ಸಲಿಕೆ ಹಚ್ಚಬಾರದು ಎಂದು ಅತ್ತೆಯ ಕಟ್ಟಳೆ. ಅವರಿಗೆ ಅವರ ಅತ್ತೆ ಹೇಳಿದ್ದಂತೆ. ಹಳೆಯದರ ಮೇಲೆ ಹೊಸದು ಹಾಕಿ, ಮಾಳಿಗೆಯ ಮೇಲೆ ಒಂದು ರೊಟ್ಟಿ, ಒಂದು ತುತ್ತು ಮೊಸರನ್ನ ಎಡೆ ಇಟ್ಟು ಇಳಿದು ಬರುವುದು. ನಮ್ಮ ಮನೆಯವರು ಈ ಕೆಲಸ ಇನ್ನೊಬ್ಬರಿಗೆ ಬಿಟ್ಟವರಲ್ಲ. ತಲೆಗೆ ಟವೆಲು ಸುತ್ತಿ, ಮೊಣಕಾಲೂರಿ, ರೊಟ್ಟಿ ತಟ್ಟಿದ ಹಾಗೆ ಅಂಗೈಯಲ್ಲಿ ತಟ್ಟಿ ತಟ್ಟಿ ಹಾಕುತ್ತಿದ್ದರು. ನಾನು ಬುಟ್ಟಿ ಏರಿಸಿ ಕೊಡುತ್ತಿದ್ದೆ. ಮೊಣಕಾಲು ಕೆಟ್ಟು ಏಣಿ ಹತ್ತಲಾಗದೆ ಹೋದ ಮೇಲೂ ಕೆಳಗೆ ನಿಂತು, “ಬೆಳಕಿಂಡಿ ಮಗ್ಗಲಿಗೆ ಇನ್ನೊಂದು ಪುಟ್ಟಿ ಸುರೀರಿ” ಎಂದು ಕೂಗಿ ಹಾಕಿಸಿದವರು.

ಮೊಮ್ಮಗಳು ಹೊಸಪೇಟೆಯ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿ ಕಲಿಯುವಷ್ಟು ಕಲಿತೆ, ಇನ್ನು ನಮ್ಮ ಖಾನಾವಳಿ ನಾನೇ ನಡೆಸುತ್ತೇನೆ ಎಂದು ಬಂದಳು. ಅವಳಪ್ಪ, ಅಂದರೆ ನನ್ನ ಮಗ, ಒಳಗೊಳಗೇ ಖುಷಿಪಟ್ಟ. ಬಾಯಲ್ಲಿ ಮಾತ್ರ, “ಹೊಗಿ ಕುಡಿಯಾಕ ಅಷ್ಟು ದೂರ ಹೋಗಿ ಕಲೀಬೇಕಿತ್ತೇನು?” ಅಂದ. ಅವಳು ಬಂದವಳೇ ಹೊಸ ಬೆಂಚು ಮಾಡಿಸಲು ಬಡಗಿಯನ್ನು ಕರೆಸಿದಳು. ಬಡಗಿ ನಡು ಅಂಕಣಕ್ಕೆ ಬಂದು ತೊಲೆಗೆ ಹಣೆ ಬಡಿಸಿಕೊಂಡ. ಹಣೆ ಉಜ್ಜಿಕೊಳ್ಳುತ್ತ ಮೇಲೆ ನೋಡಿದವನು ಬೆಂಚಿನ ಮಾತೇ ಬಿಟ್ಟ. ಗೋಡೆಯಿಂದ ಗೋಡೆಗೆ ನೂಲು ಹಿಡಿದ. ನೂಲಿಗಿಂತ ತೊಲೆ ನಡುವಿನಲ್ಲಿ ಒಂದು ಗೇಣು ಕೆಳಗೆ ಬಂದಿತ್ತು. ತೊಲೆಯ ಹೊಟ್ಟೆಯಲ್ಲಿ ಮಸಿ ಒರೆಸಿದರೆ ಉದ್ದಕ್ಕೆ ಒಂದು ಸೀಳು, ಚಾಕುವಿನ ಅಲಗು ಒಳಗೆ ಹೋಯಿತು.

“ಯಮ್ಮಾ,” ಅಂದ ಬಡಗಿ, “ಇದರ ಕೆಳಗ ಮಂದೀನ ಕುಂದ್ರಸಬ್ಯಾಡ್ರಿ. ಇವತ್ತಿಂದನ.”

ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಆ ಬೇಳೆ ಬೆಂದದ್ದನ್ನು ಓಣಿಗೆ ಹಂಚಿ ಬಾಗಿಲು ಹಾಕಿದೆವು.

ಮೊಮ್ಮಗಳು ದಾವಣಗೆರೆಯಿಂದ ಒಬ್ಬ ಇಂಜಿನಿಯರಮ್ಮನನ್ನು ಕರೆತಂದಳು. ಹಳೆಯ ಕಟ್ಟಡಗಳನ್ನೇ ನೋಡುವವಳಂತೆ, ಸಣ್ಣ ವಯಸ್ಸು. ಅವಳು ಗೋಡೆ ತಟ್ಟಿದಳು, ಬಳೆ ಮುಟ್ಟಿದಳು, ತೊಲೆಯ ಕೆಳಗೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, “ಅಜ್ಜಿ, ಇಲ್ಲಿ ಕುದುರೆ ಹೆಂಗೆ ಓಡಾಡ್ತಿದ್ವು?”

ಮನುಷ್ಯರೇ ಬಗ್ಗಿ ಹೋಗುವ ಜಾಗದಲ್ಲಿ ಕುದುರೆ ಹೇಗೆ ಹೋಗುತ್ತಿತ್ತು? ಕಡಪಾ ಕಲ್ಲು ಹಾಸಿ ಹಾಸಿ ನೆಲ ಸ್ವಲ್ಪ ಮೇಲೆ ಬಂದದ್ದು ನಿಜ. ಉಳಿದದ್ದೆಲ್ಲ ತೊಲೆ ಇಳಿದದ್ದು. ಜೀವಮಾನವಿಡೀ ಬಳೆಗಳನ್ನು ಗಿರಾಕಿಗಳಿಗೆ ತೋರಿಸಿ ಕುದುರೆ ಕುದುರೆ ಎಂದು ಹೇಳಿದವಳು ನಾನು. ನನಗೇ ಇದು ಹೊಳೆದಿರಲಿಲ್ಲ.

ಅವಳೂ ಬಡಗಿಯೂ ಮೇಲೆ ಹತ್ತಿ ತೊಲೆಯ ನೇರಕ್ಕೆ ಒಂದು ಸಣ್ಣ ಗುಂಡಿ ತೋಡಿದರು. ತೋಡಿದರು, ತೋಡಿದರು, ಮಣ್ಣು ಮುಗಿಯುತ್ತಲೇ ಇಲ್ಲ. ಅವಳ ತೋಳು ಹೆಗಲವರೆಗೆ ಒಳಗೆ ಹೋದ ಮೇಲೆ ಸೊಪ್ಪು ಸಿಕ್ಕಿತು. ಮಗ ಕೆಳಗಿಂದ, “ಎಷ್ಟೈತ್ರೀ?” ಎಂದು ಕೂಗಿದ. “ತೊಲೆ ಹೊರೋದಕ್ಕಿಂತ ಬಹಳ ಜಾಸ್ತಿ ಇದೆ” ಅಂದಳು ಅವಳು. ಮಣ್ಣು ಇಳಿಸಿದರೆ ತೊಲೆಗೆ ಕೆಳಗಿಂದ ಆನಿಕೆಯ ಕಂಬ ಕೊಟ್ಟು ಉಳಿಸಬಹುದು, ಮಳೆಗೆ ಮೊದಲು ಇಳಿಸಬೇಕು, ಇಲ್ಲದಿದ್ದರೆ ನೀರು ಕುಡಿದ ಮಣ್ಣಿನ ಭಾರಕ್ಕೆ ನಿಲ್ಲುವುದಿಲ್ಲ ಎಂದಳು. ಬಡಗಿಯೂ ಅದನ್ನೇ ಹೇಳಿದ.

ಇಷ್ಟೆಲ್ಲ ಆಗುವಾಗ ನಮ್ಮ ಮನೆಯವರು ಮುಂದಿನ ಅಂಕಣದಲ್ಲಿ ಮಂಚದ ಮೇಲೆ ಕೂತಿದ್ದರು. ಹೇಳುವವರು ಯಾರು? ಮಗ ನೇರವಾಗಿ ಹೋಗಿ ಇನ್ನೊಂದೇ ಹೇಳಿದ: “ಅಪ್ಪಾ, ಈ ರಗಳೆ ಬ್ಯಾಡ. ಪೂರಾ ಕೆಡವಿ ಸ್ಲ್ಯಾಬ್ ಹಾಕ್ಸಿಬಿಡೂನು.”

“ಸ್ಲ್ಯಾಬಿನ ಕೆಳಗ ರೊಟ್ಟಿ ತಿನ್ನೋ ಮಂದಿ ಬೆವರು ನಂಚಿಗೆಂಡು ತಿನ್ನಬೇಕಲೇ” ಅಂದರು ಇವರು. “ಲಾಯ ಕೆಡವಾಕ ನಿನಗ ಕೈಯಾದ್ರೂ ಹೆಂಗ ಬರತೈತಿ?”

“ಕೆಡವಾದ್ ಬ್ಯಾಡ ಅಜ್ಜಾ,” ಮೊಮ್ಮಗಳು ಅವರ ಕಾಲ ಬಳಿ ಕೂತಳು. “ಮ್ಯಾಲಿನ ಮಣ್ಣು ಇಳಿಸಿದ್ರ ಉಳೀತೈತಂತ.”

“ಯಾವ ಮಣ್ಣು?”

ಅವಳು ನನ್ನ ಕಡೆ ತಿರುಗಿದಳು. ಇವರೂ ನನ್ನ ಮುಖ ನೋಡಿದರು. ನಾನು, “ನೀವು ಹಾಕಿದ್ದು” ಅಂದೆ.

“ಅದಕ್ಕ ಸಲಿಕಿ ಹಚ್ಚಂಗಿಲ್ಲ. ನಮ್ಮವ್ವ ಏನು ಹೇಳ್ಯಾಳ ಗೊತ್ತಿಲ್ಲೇನು ನಿನಗ?” ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಆ ದಿನ ಊಟ ಮಾಡಲಿಲ್ಲ. ಮರುದಿನ ನಾನು ಬಡಿದ ರೊಟ್ಟಿಯನ್ನು ಮುರಿದಿಟ್ಟು ಎದ್ದರು. ಸೊಸೆ ಹೋಗಿ ಕರೆದರೂ ಇಲ್ಲ. ಕಟ್ಟಡ ಅವರದು, ಮಾತು ಅವರದು. ಅವರು ಹೂಂ ಅನ್ನದೆ ಒಂದು ಬುಟ್ಟಿ ಮಣ್ಣು ಇಳಿಸುವಂತಿಲ್ಲ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಇಳಿಸದಿದ್ದರೆ ಎಲ್ಲವೂ ಹೋಗುತ್ತದೆ, ಮೊಮ್ಮಗಳ ಖಾನಾವಳಿಯೂ ಹೋಗುತ್ತದೆ.

ಮೊಮ್ಮಗಳು ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಆ ಗುಂಡಿಯ ಬದಿಯಿಂದ ಮಣ್ಣನ್ನು ಒಡೆಯದ ಹಾಗೆ, ಹೋಳಿಗೆ ಹೋಳು ಮಾಡಿದಂತೆ ನೇರವಾಗಿ ಕೊಯ್ದು, ರೊಟ್ಟಿಯ ಬುಟ್ಟಿಯಲ್ಲಿಟ್ಟು ಇಳಿಸಿ ತಂದು ಅಜ್ಜನ ಮಂಚದ ಮೇಲೆ ಇಟ್ಟಳು. ಅದರ ತುಂಬ ಗೆರೆಗಳು, ಬಿಳಿ, ಬೂದಿ, ಮತ್ತೆ ಬಿಳಿ. ಒಂದರ ಮೇಲೊಂದು ಪೇರಿಸಿದ, ಒಣಗಿಸಿದ ಕಟಿರೊಟ್ಟಿಯ ಹಾಗಿತ್ತು. ಒಂದೊಂದು ಗೆರೆ ಒಂದೊಂದು ವರ್ಷದ್ದು.

ಇವರು ಮೊದಲು ನೋಡಲೇ ಇಲ್ಲ. ಆಮೇಲೆ ಹೆಬ್ಬೆರಳಿನಿಂದ ಒಂದು ಗೆರೆ ಒತ್ತಿ ನೋಡಿದರು.

“ಇದು ಕೆಂಪೈತಿ ನೋಡು. ಆ ವರ್ಷ ಹಳ್ಳದಾಗ ಕರಲು ಒಯ್ಯಾಕ ಬಿಡಲಿಲ್ಲ, ಅರಸೀಕೆರಿ ಕಡಿಯಿಂದ ತಂದಿದ್ದೆ. ನೆನಪೈತೇನು ನಿನಗ?”

“ಐತ್ರಿ. ಬಂಡಿ ಗಾಲಿ ಮುರಿದಿತ್ತು.”

“ಇದು ಇವ ಹುಟ್ಟಿದ ವರ್ಷದ್ದು ಇರಬೇಕು. ಎಷ್ಟು ತೆಳ್ಳಗ ಹಾಕೀನಿ. ಲಗೂನ ಇಳಿದು ಬಂದಿದ್ದೆ.” ಮಗ ಬಾಗಿಲಲ್ಲಿ ನಿಂತಿದ್ದವನು ತಲೆ ಬಗ್ಗಿಸಿದ.

ಹೀಗೆ ಬೆರಳು ಕೆಳಗೆ ಇಳಿಯುತ್ತ ಹೋಯಿತು. ತಮ್ಮ ಗೆರೆಗಳು ಮುಗಿದು ಅವರಪ್ಪನ ಗೆರೆಗಳು ಬಂದವು. ಅಲ್ಲಿ ಬೆರಳು ನಿಂತಿತು. ಮಣ್ಣಿನ ತುಂಡನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಲು ನೋಡಿದರು. ಆಗಲಿಲ್ಲ. ಅಷ್ಟು ಭಾರವಿತ್ತು.

“ಇಷ್ಟು ದಪ್ಪ ಆಗೇತೇನು” ಅಂದರು. ಅದು ನಮ್ಮನ್ನು ಕೇಳಿದ್ದಲ್ಲ. ಅಂಗೈಯ ಮಣ್ಣು ಒರೆಸಿಕೊಳ್ಳುತ್ತ, “ಸೋರಬಾರದು ಅಂತ ಹಾಕಿದ್ದಲಾ” ಅಂದರು. ಬುಟ್ಟಿ ಏರಿಸಿ ಕೊಟ್ಟವಳು ನಾನು.

“ಇಳಸ್ರಿ,” ಅಂದರು. “ಮಟ್ಟಸ ಇಳಸ್ರಿ. ದಡಬಡ ಮಾಡಬ್ಯಾಡ್ರಿ.”

ಮರುದಿನವೇ ಕೆಲಸ ಹಿಡಿದೆವು. ಮೊದಲು ಬಡಗಿ ತೊಲೆಯ ಕೆಳಗೆ ಸಾಲಾಗಿ ಜಾಲಿ ಮರದ ಆನಿಕೆ ಕೊಟ್ಟ. ಆನಿಕೆಯ ಬುಡಕ್ಕೆ ಹಲಗೆ, ಹಲಗೆಯ ಕೆಳಗೆ ಬೆಣೆ. ಬೆಣೆಯನ್ನು ಒಂದೇ ಸಲ ಬಡಿಯಬಾರದು. ಈ ಕಡೆ ಒಂದು ಏಟು, ಆ ಕಡೆ ಒಂದು ಏಟು, ತೊಲೆಗೆ ಗೊತ್ತಾಗಬಾರದು ಎಂದು ನಗುತ್ತಿದ್ದ. ಆಮೇಲೆ ಆಳುಗಳು ಮೇಲೆ ಹತ್ತಿದರು. ಟ್ರ್ಯಾಕ್ಟರು ಹಿತ್ತಲಲ್ಲಿ ನಿಂತಿತ್ತಾದ್ದರಿಂದ ಹಿಂದಿನ ಬದಿಯಿಂದ ತೆಗೆಯುತ್ತ ಬಂದರು. ಬೇಗ ಆಗುತ್ತದೆ ಎಂದು ಮಗನೂ ಸುಮ್ಮನಿದ್ದ. ಹಿಂದಿನ ಬದಿ ಹಗುರಾಯಿತು, ಮುಂದಿನ ಬದಿಯಲ್ಲಿ ಭಾರ ಹಾಗೇ ಇತ್ತು. ಒಳಗೆ ಟಪ್ ಎಂದು ಸದ್ದಾಯಿತು. ಒಂದು ಜಂತೆ ತೊಲೆಯಿಂದ ಮೇಲೆದ್ದು ಓರೆಯಾಗಿತ್ತು, ಒಂದು ಆನಿಕೆ ಕಳಚಿ ನೆಲಕ್ಕೆ ಬಿದ್ದಿತ್ತು. ಬಡಗಿ ಕೂಗಾಡಿ ಎಲ್ಲರನ್ನೂ ಇಳಿಸಿದ.

ಅಲ್ಲಿಂದ ಕೆಲಸದ ರೀತಿಯೇ ಬೇರೆಯಾಯಿತು. ತೊಲೆಯ ಎರಡೂ ಬದಿಗೆ ಸರಿಸಮ ಆಳುಗಳು. ಮಾಳಿಗೆಯ ಉದ್ದಗಲಕ್ಕೂ ಒಂದು ತೆಳುವಾದ ಪದರ ತೆಗೆದು ಮುಗಿಸಿಯೇ ಮುಂದಿನ ಪದರಕ್ಕೆ ಕೈ ಹಾಕಬೇಕು. ಬುಟ್ಟಿ ತುಂಬಿದ ಕೂಡಲೇ ಕೈಯಿಂದ ಕೈಗೆ ಕೆಳಗೆ. ಮೇಲೆ ರಾಶಿ ಮಾಡಬಾರದು. ಇದು ನಿಧಾನ. ಹಾಕುವಾಗ ಎಷ್ಟು ನಿಧಾನವಾಗಿ ಹಾಕಿದ್ದರೋ ಅಷ್ಟೇ ನಿಧಾನವಾಗಿ ತೆಗೆಯಬೇಕಾಯಿತು. ಸೊಸೆಯೂ ಮೊಮ್ಮಗಳೂ ಸಾಲಿನಲ್ಲಿ ನಿಂತರು. ನಾನು ಆಳುಗಳಿಗೆ ಮುಂದಿನ ಅಂಕಣದಲ್ಲಿ ಗ್ಯಾಸಿನ ಮೇಲೆ ನುಚ್ಚು ಸಾರು ಮಾಡುತ್ತಿದ್ದೆ. ನಡು ಅಂಕಣದ ಒಲೆ ತಣ್ಣಗಿತ್ತು. ಬೆಕ್ಕು ಅದರೊಳಗೆ ಮಲಗುತ್ತಿತ್ತು.

ಇನ್ನೇನು ಸೊಪ್ಪು ಕಾಣಬೇಕು ಅನ್ನುವಾಗ ಒಂದು ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ಕಡೆಯಿಂದ ಕಪ್ಪಗೆ ಮೋಡ ಎದ್ದಿತು. ತಾಡಪಾಲು ಹಾಸಿ ಕಲ್ಲಿಟ್ಟರು. ಗಾಳಿ ಮೊದಲು ಬಂದು ಕಲ್ಲುಗಳನ್ನೇ ಉರುಳಿಸಿತು, ಹಿಂದೆಯೇ ಮಳೆ. ತಾಡಪಾಲಿನ ನಡುವೆ ನೀರು ನಿಂತು ಹೊಟ್ಟೆ ಬಿಟ್ಟು, ಅಂಚು ಜಾರಿ, ಅಷ್ಟೂ ನೀರು ಒಲೆಯ ಬದಿಯ ಗೋಡೆಯೊಳಗೆ ಇಳಿಯಿತು. ಕರಲು ಪೂರಾ ಇದ್ದಾಗ ಒಂದು ಹನಿ ಸೋರದ ಮಾಳಿಗೆ ಅದು. ಇವರು ಮುಂದಿನ ಅಂಕಣದಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಗೋಡೆ ಕಲ್ಲಿನದೇ ಆದರೂ ಒಳಗೆ ಮಣ್ಣಿನ ಗಾರೆ. ನೀರು ಕುಡಿದು ಹೊಟ್ಟೆ ಮುಂದೆ ಮಾಡಿತು. ಗೋಡೆಯೊಳಗೆ ಸೇರಿದ್ದ ತೊಲೆಯ ತುದಿ ಮೊದಲೇ ಕೊಳೆತು ಲಡ್ಡಾಗಿತ್ತಂತೆ, ಹೊರಗೆ ಕಾಣುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾವು ಅಂಗಳದಲ್ಲಿ ಚಹಾ ಕುಡಿಯುವಾಗ ತೊಲೆ ಆ ತುದಿಯಿಂದ ಜಾರಿ ಒಲೆಯ ಮೇಲೆ ಕೂತಿತು. ದೊಡ್ಡ ಸದ್ದೇನೂ ಇಲ್ಲ, ಎತ್ತು ಮಲಗುವಾಗ ಉಸಿರು ಬಿಡುತ್ತದಲ್ಲ, ಅಷ್ಟೇ. ಬೆಕ್ಕು ಹೊರಗೆ ಓಡಿ ಬಂದಿತು, ದೇವರು ದೊಡ್ಡವನು. ಅತ್ತೆಯ ಒಲೆ ಪುಡಿಯಾಯಿತು.

ಇಂಜಿನಿಯರಮ್ಮ ಮತ್ತೆ ಬಂದಳು. ಈ ಸಲ ಅವಳ ಮುಖವೂ ಸಣ್ಣದಾಗಿತ್ತು. ಹೇಳಿದ್ದು ಇಷ್ಟು: ಮುಂದಿನ ಅಂಕಣಕ್ಕೂ ಹಿಂದಿನ ಅಂಕಣಕ್ಕೂ ಕಂಬದ ಸಾಲಿದೆ, ಅವು ಗಟ್ಟಿ. ನಡು ಅಂಕಣಕ್ಕೆ ಹೊಸದಾಗಿ ಏನೇ ಹೊದಿಸಿದರೂ, ಮರವಾಗಲಿ ಕಬ್ಬಿಣವಾಗಲಿ, ಆ ಒದ್ದೆ ಗೋಡೆ ಹೊರುವುದಿಲ್ಲ. ಹೊರಬೇಕೆಂದರೆ ಗೋಡೆ ಬುಡದಿಂದ ಕಿತ್ತು ಬೇರೆ ಕಟ್ಟಬೇಕು. ಏನೂ ಹೊರಿಸದೆ, ತಲೆಗೆ ಗಾರೆ ಹಾಕಿ ಹಾಗೇ ಬಿಟ್ಟರೆ ಗೋಡೆ ನಿಲ್ಲುತ್ತದೆ.

ಅಂದರೆ ಗೋಡೆ ಬೇಕೋ, ಮಾಳಿಗೆ ಬೇಕೋ. ಎರಡೂ ಇಲ್ಲ.

ಮಗ ಗೋಡೆ ಕಿತ್ತು ಕಟ್ಟೋಣ ಅಂದ. ನಡು ಅಂಕಣ ಇಲ್ಲದ ಖಾನಾವಳಿ ಎಂಥ ಖಾನಾವಳಿ ಎಂಬುದು ಅವನ ಮಾತು. ಅದರಲ್ಲಿ ಸುಳ್ಳಿರಲಿಲ್ಲ. ಊಟದ ಸಾಲು ಅರ್ಧವಾಗುತ್ತದೆ, ಒಲೆಗೆ ಜಾಗವಿಲ್ಲ. ಮೊಮ್ಮಗಳು ಆ ಗೋಡೆಯ ಬಳೆಗಳಿರುವ ಕಲ್ಲನ್ನು ಸವರುತ್ತ ನಿಂತಿದ್ದಳು. ಇವರು ನನ್ನನ್ನು ನೋಡಿ, “ಮಣ್ಣಿಂದು ನಾ ಹೇಳಿದೆ. ಒಲಿ ನಿಂದು. ನೀ ಹೇಳು” ಅಂದರು.

ನಾನು ಆ ಒಲೆಯ ಮುಂದೆ ಕೂತಾಗ ನನಗೆ ಸೀರೆ ಉಡಲೂ ಸರಿಯಾಗಿ ಬರುತ್ತಿರಲಿಲ್ಲ. ಅತ್ತೆ ನನ್ನ ಕೈ ಹಿಡಿದು ಹಿಟ್ಟು ನಾದುವುದನ್ನು ಕಲಿಸಿದ್ದು ಅಲ್ಲಿ. ಮಗನಿಗೆ ಮೊದಲ ತುತ್ತು ಉಣಿಸಿದ್ದು ಆ ಹೊಗೆಯಲ್ಲಿ. ಆ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲು ಒಲೆಯ ಹತ್ತಿರ ಬಂದರೆ ಅಕ್ಕಿ ಹಾಕುವುದು, ಗೋಡೆ ಹತ್ತಿದರೆ ಮಜ್ಜಿಗೆ ಕಡೆಯುವುದು, ಗಡಿಯಾರ ನೋಡಿ ಅಡುಗೆ ಮಾಡಿದವಳಲ್ಲ ನಾನು. ಇನ್ನು ಕೋಲೂ ಇಲ್ಲ. ಒಂದು ಕ್ಷಣ ಮಗನ ಮಾತೇ ಸರಿ ಅನ್ನಿಸಿತು, ಗೋಡೆ ಹೋದರೆ ಹೋಗಲಿ ಅನ್ನಿಸಿತು.

ಆದರೆ ಒಲೆ ಆಗಲೇ ಹೋಗಿತ್ತು. ಮಾಳಿಗೆ ಹಾಕಿಸಿದರೂ ಅದರ ಕೆಳಗೆ ಬರುವುದು ಬೇರೆ ಒಲೆ. ಗೋಡೆ ಮಾತ್ರ ಇನ್ನೂ ನಿಂತಿತ್ತು. ನಿಂತದ್ದನ್ನು ಯಾಕೆ ಕೆಡವುವುದು?

“ಗ್ವಾಡಿ ಇರಲಿ. ಮಾಳಿಗಿ ಬಿಟ್ಟಬಿಡ್ರಿ” ಅಂದೆ. ಹೇಳಿ ಒಳಗೆ ಹೋಗಿ ಜೋಳದ ಚೀಲದ ಮೇಲೆ ಕೂತುಕೊಂಡೆ. ಸೊಸೆ ಬಂದು ಪಕ್ಕದಲ್ಲಿ ಕೂತಳು. ಅವಳೂ ಆ ಒಲೆಯ ಮುಂದೆ ಕೂತವಳೇ. “ಅತ್ತೀ, ಆ ಒಲಿ ಎಡಗಡಿ ಬಾಯಿ ಯಾವಾಗ್ಲೂ ಹೊಗಿ ಉಗುಳ್ತಿತ್ತು” ಅಂದಳು. “ಹೂಂ ನೋಡು, ಏನು ಮಾಡಿದ್ರೂ ಬಿಡಲಿಲ್ಲ” ಅಂದೆ. ಇಬ್ಬರೂ ಕಣ್ಣು ಒರೆಸಿಕೊಂಡೆವು.

ಇಳಿಸಿದ ಕರಲು ಹಿತ್ತಲಲ್ಲಿ ಗುಡ್ಡವಾಗಿ ಬಿದ್ದಿತ್ತು. ಉಪ್ಪಿನ ಮಣ್ಣು, ಹೊಲಕ್ಕೆ ಯಾರೂ ಕೇಳುವುದಿಲ್ಲ. ಮೊಮ್ಮಗಳಿಗೆ ಅದು ವ್ಯರ್ಥವಾಗಬಾರದೆಂದು ಆಸೆ. ಅದರಲ್ಲೇ ಹಿಂದಿನ ಅಂಕಣದಲ್ಲಿ ಹೊಸ ಒಲೆ ಹಾಕಿದಳು, ಚೆಂದಾಗಿ ಸಾರಿಸಿ ರಂಗೋಲಿ ಕೂಡ ಇಟ್ಟಳು. ಬೆಂಕಿ ಹಚ್ಚಿದ ಕೂಡಲೇ ಹಪ್ಪಳದ ಹಾಗೆ ಬಿರಿದುಹೋಯಿತು. ಆ ಮಳೆಯ ನಂತರ ಇವರು ಮೊದಲ ಬಾರಿಗೆ ನಕ್ಕಿದ್ದು ಆಗಲೇ. “ಕರಲು ನೀರು ತಡೀತೈತವ್ವಾ, ಬೆಂಕಿ ತಡಿಯಂಗಿಲ್ಲ. ಕೆರಿ ಮಣ್ಣು ತರಸು, ಹೊಟ್ಟು ಕಲಸು.” ಕೆರೆಯ ಮಣ್ಣಿಗೆ ಹೊಟ್ಟು ಕಲಸಿ ಕೊಳೆಹಾಕಿ ಮತ್ತೆ ಹಾಕಿದಳು. ನಿನ್ನೆ ಹಚ್ಚಿದ್ದು ಅದನ್ನೇ.

ಇವರು ದಿನಾ ಹೋಗಿ ಆ ಮಣ್ಣಿನ ಗುಡ್ಡದ ಪಕ್ಕ ಕೂರುತ್ತಿದ್ದರು. ಕೋಲಿನಿಂದ ಕೆದಕುತ್ತಿದ್ದರು. ಗೆರೆಗಳೆಲ್ಲ ಕಲಸಿಹೋಗಿದ್ದವು, ಯಾವ ವರ್ಷದ್ದು ಯಾವುದೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ನಮ್ಮ ತಾಲೂಕಿನದೇ ಅರಸೀಕೆರೆಯ ಒಬ್ಬ ರೈತ ಟ್ರ್ಯಾಕ್ಟರು ತಂದ. ತನ್ನದೂ ಮಾಳಿಗೆ ಮನೆ, ಈಗ ಒಳ್ಳೆಯ ಕರಲು ಎಲ್ಲೂ ಸಿಗುತ್ತಿಲ್ಲ, ಒಯ್ಯಲೇ ಎಂದು ಕೇಳಿದ.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಇವರು ಇಲ್ಲ ಅನ್ನುತ್ತಾರೆ ಎಂದುಕೊಂಡೆ.

“ಒಯ್ಯಿ” ಅಂದರು. “ಹಳೇದೈತಿ, ಹದವಾಗೈತಿ. ಸಲಿಕಿ ತಂದೀಯೇನು?”

“ತಂದೀನಿ ಅಜ್ಜಾ, ತುಂಬಾಕ.”

“ತುಂಬಾಕಲ್ಲ. ನಿನ್ನ ಮಾಳಿಗಿ ಮ್ಯಾಲ ಮೊದಲ ಹಳೇದು ಕೆರಿ. ಸೊಪ್ಪಿನ ತನಕಾ ಬ್ಯಾಡ, ಮ್ಯಾಲಿಂದಷ್ಟು. ಕೆರದು ಕೆಳಗ ಒಗದು ಆಮ್ಯಾಲ ಇದನ್ನ ಹಾಕು.”

“ನಮ್ಮಪ್ಪ ಹಾಕಿದ್ದು ಅಜ್ಜಾ ಅದು. ಕೆರಿಯಾಕ ಮನಸು ಬರವಲ್ದು.”

ಇವರು ಕೋಲೂರಿ ಎದ್ದು ನಿಂತರು. “ಕೈ ಮುಗಿ. ಮುಗದು ಕೆರಿ.”

ಟ್ರ್ಯಾಕ್ಟರು ಹೋಗುವವರೆಗೆ ಅಲ್ಲೇ ನಿಂತಿದ್ದರು. ಒಳಗೆ ಬಂದು ನೀರು ಕೇಳಿ ಕುಡಿದರು.

ನಿನ್ನೆ ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಮೊಮ್ಮಗಳು, “ಎಲ್ಲಾರೂ ಇಲ್ಲೇ ಉಣ್ಣೂನು” ಎಂದು ನಡು ಅಂಕಣದಲ್ಲಿ ಜಮಖಾನೆ ಹಾಸಿದಳು. ಈಗ ಅದು ಅಂಕಣವಲ್ಲ, ಅಂಗಳ. ಸುತ್ತ ಹಳೆಯ ಗೋಡೆ, ಮೇಲೆ ಆಕಾಶ. ಗೋಡೆಯ ಬಳೆಯಲ್ಲಿ ಅವಳದೇ ಕೈಚೀಲ ನೇತಾಡುತ್ತಿತ್ತು. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಪುಡಿ. ಮಗ ಪೇಟೆಯಿಂದ ಬಂದ, ಸೊಸೆ ತಟ್ಟೆ ಹಾಕಿದಳು. ಬಡಗಿಯನ್ನೂ ಕೂರಿಸಿಕೊಂಡೆವು.

ಇವರು ಮುಂದಿನ ಅಂಕಣದಿಂದ ಕೋಲೂರುತ್ತ ಬಂದರು. ತೊಲೆ ಇದ್ದ ಜಾಗಕ್ಕೆ ಬಂದವರೇ ತಲೆ ಬಗ್ಗಿಸಿದರು. ಬಗ್ಗಿಸಿ, ದಾಟಿ, ತಲೆಯೆತ್ತಿದರು. ಮೇಲೆ ಏನೂ ಇಲ್ಲ. ಹಿಂದೆಯೇ ಮಗ ಕೈ ತೊಳೆದು ಬಂದ, ಅವನೂ ಬಗ್ಗಿದ. ಮೊಮ್ಮಗಳು ಮುಂದಿನ ಅಂಕಣದಿಂದ ರೊಟ್ಟಿ ಬುಟ್ಟಿ ಹಿಡಿದು ಬಂದಳು, ಅವಳೂ ಬಗ್ಗಿದಳು.

“ಯಾಕಲೇ,” ಅಂದರು ಇವರು, “ಎಲ್ಲಾರೂ ತಲಿ ಬಗ್ಗಸ್ತೀರಿ? ಏನೈತಿ ಮ್ಯಾಲ?”

ಬಡಗಿ ಹಣೆ ಉಜ್ಜಿಕೊಂಡು ತೋರಿಸಿದ. ಎಲ್ಲರೂ ನಕ್ಕರು. ಇವರೂ ನಕ್ಕರು, ನಗುತ್ತ ಕಣ್ಣು ಒರೆಸಿಕೊಂಡರು.

ನಾನು ಕೊನೆಗೆ ಮೊಸರಿನ ಗಡಿಗೆ ಹಿಡಿದು ಬಂದೆ. ಬಗ್ಗಬಾರದು ಎಂದುಕೊಂಡೇ ಬಂದೆ. ಆ ಜಾಗಕ್ಕೆ ಬಂದಾಗ ಕುತ್ತಿಗೆ ತಾನೇ ಬಾಗಿತು. ಹಾಗೇ ಬಾಗಿ ದಾಟಿ, ಅವರ ಪಕ್ಕ ಕೂತು, ಮೊಮ್ಮಗಳು ಬಡಿದ ರೊಟ್ಟಿ ಮುರಿದು ಉಂಡೆ.